ಹುಳುವಿನ ಡ್ರಮ್ಮು, ಮಾವನ ಎಡೆ

ಹೋದ ವರ್ಷ ನಮ್ಮ ಮಾವನವರ ವರ್ಷದ ತಿಥಿ. ಅಂದು ಯಲಹಂಕದ ನಮ್ಮ ಮನೆಯ ತಾರಸಿಯಲ್ಲಿ ನಡೆದದ್ದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನನಗೆ ಮಾತ್ರ ಅದರ ತಲೆಬುಡ ಇನ್ನೂ ಅರ್ಥವಾಗಿಲ್ಲ.

ಮಾವ ಪೀಣ್ಯದ ಕಾರ್ಖಾನೆಯೊಂದರಿಂದ ನಿವೃತ್ತರಾದ ಮೇಲೆ ಹೆಬ್ಬಾಳದಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದು, ತಾರಸಿಯಲ್ಲಿ ಹುಳು ಸಾಕಲು ಶುರುಮಾಡಿದ್ದರು. ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಹಳಸಿದ ಸಾರು ಎಲ್ಲವೂ ಒಂದು ಡ್ರಮ್ಮಿಗೆ. ಒಂದು ಜಾತಿಯ ಕಪ್ಪು ನೊಣ ಅಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ಕಸವನ್ನೆಲ್ಲ ತಿಂದು ಕೊಬ್ಬಿ, ಬಲಿತ ಮೇಲೆ ತಾವೇ ಓರೆ ಪೈಪು ಹತ್ತಿ ಪಕ್ಕದ ಬಕೆಟ್ಟಿಗೆ ಬೀಳುತ್ತವೆ. ಕೋಳಿಗಳಿಗೆ ಅದು ಮೃಷ್ಟಾನ್ನ. ರಾಜಾನುಕುಂಟೆ ಕಡೆಯ ಕೋಳಿ ಸಾಕುವವರೊಬ್ಬರು ಬಂದು ಒಯ್ಯುತ್ತಿದ್ದರು. ಅತ್ತೆಗೆ ಆ ಹುಳುಗಳನ್ನು ಕಂಡರೆ ಆಗುತ್ತಿರಲಿಲ್ಲ. ಮಾವ ಹೋದ ಮೇಲೆ ಡ್ರಮ್ಮನ್ನು ತೆಗೆಸಲೂ ಬಿಡಲಿಲ್ಲ, ಅದರ ಹತ್ತಿರ ಸುಳಿಯಲೂ ಇಲ್ಲ. ಹುಳುಗಳಿಗೆ ಉಣಿಸುವ ಕೆಲಸ ನನ್ನ ತಲೆಗೆ ಬಂತು.

ತಿಥಿಯ ದಿನ ಬಾಳೆಲೆಯಲ್ಲಿ ಅನ್ನ, ವಡೆ, ಪಾಯಸ ಬಡಿಸಿ ತಾರಸಿಯಲ್ಲಿ ಎಡೆ ಇಟ್ಟು ಕಾದೆವು. ಕಾಗೆ ಮುಟ್ಟುವವರೆಗೆ ತಾನು ಊಟ ಮಾಡುವುದಿಲ್ಲ ಎಂದು ಅತ್ತೆ ಕೂತರು. ಅವರಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಮಾತ್ರೆ ಬೇರೆ ನುಂಗಿದ್ದರು. ಕಾಗೆಯೇನೋ ಬಂತು. ಎಡೆಯತ್ತ ತಿರುಗಿಯೂ ನೋಡದೆ ಬಕೆಟ್ಟಿನ ಅಂಚಿನಲ್ಲಿ ಕೂತು ಹುಳು ಹೆಕ್ಕತೊಡಗಿತು. ನನ್ನ ಯಜಮಾನರು ಬಕೆಟ್ ಮುಚ್ಚಿದರು. ಕಾಗೆ ಮುನಿಸಿಕೊಂಡು ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತುಬಿಟ್ಟಿತು.

ಗಂಟೆ ಎರಡು ದಾಟಿತು. ಅತ್ತೆಯ ಹಣೆ ಬೆವರಿ ಕೈ ನಡುಗುತ್ತಿತ್ತು. ಎಡೆಯನ್ನು ಹಸುವಿಗೆ ಕೊಟ್ಟರೂ ಆಗುತ್ತದೆ, ಊಟ ಮಾಡು ಎಂದು ಯಜಮಾನರು ಗೋಗರೆದರು.

"ನಿಮ್ಮಪ್ಪಂಗೆ ಏನೋ ಬೇಜಾರಿದೆ ಕಣೋ, ಅದಕ್ಕೇ ಮುಟ್ತಿಲ್ಲ" ಎಂದು ಅತ್ತೆ ಕಣ್ಣೊರೆಸಿಕೊಂಡರು.

ನನಗೆ ಭಯವಾಯಿತು, ಕಾಗೆಯ ಮೇಲೆ ಸಿಟ್ಟೂ ಬಂತು. ಅಷ್ಟರಲ್ಲಿ ಅತ್ತೆ ಎದ್ದರು. ಬಕೆಟ್ಟಿನ ಮುಚ್ಚಳ ತೆಗೆದು, ಮಡಿಸೀರೆಯಲ್ಲೇ, ಬರಿಗೈಯಲ್ಲಿ ಒಂದು ಹಿಡಿ ಹುಳು ತೆಗೆದು ಎಡೆಯ ಅನ್ನದ ಪಕ್ಕದಲ್ಲಿ ಬಡಿಸಿದರು. ನಾವಿಬ್ಬರೂ ಬಾಯಿಬಿಟ್ಟುಕೊಂಡು ನಿಂತೆವು. ಕಾಗೆ ಇಳಿದು ಬಂದು ಹುಳುಗಳನ್ನಷ್ಟೇ ತಿಂದು ಹಾರಿಹೋಯಿತು. ಅನ್ನ ಇಟ್ಟ ಹಾಗೇ ಇತ್ತು.

ಇದು ಮುಟ್ಟಿದ ಹಾಗೋ, ಅಲ್ಲವೋ? ಯಜಮಾನರು ಬಗ್ಗಿ, ಅನ್ನಕ್ಕೆ ಕೊಕ್ಕು ತಾಗಿದೆಯೇ ಎಂದು ನೋಡಿದರು.

"ಆ ಹುಳ ಇಷ್ಟು ದಿನ ತಿಂದಿದ್ದೂ ನಮ್ಮನೆ ಅನ್ನಾನೇ ಅಲ್ವೇನೇ? ನಡಿ, ಊಟ ಬಡ್ಸು" ಎಂದರು ಅತ್ತೆ.

ಕೈ ತೊಳೆದು ನೆಮ್ಮದಿಯಾಗಿ ಉಂಡರು. ಆಮೇಲೆ ಪುರೋಹಿತರನ್ನು ಕೇಳಿದರೆ ಅವರು ನಕ್ಕು ಬೇರೆ ಮಾತು ತೆಗೆದರು. ಕಾಗೆಗೆ ಹುಳು ಇಷ್ಟ, ಅಷ್ಟೇ ಎನ್ನುತ್ತಾರೆ ಯಜಮಾನರು. ಇರಬಹುದು. ಆದರೆ ಸಂಜೆ ಡ್ರಮ್ಮಿಗೆ ಮಿಕ್ಕ ಅನ್ನ ಸುರಿಯುವಾಗ, ಬಡಿಸುತ್ತಿರುವುದು ಹುಳುಗಳಿಗೋ ಮಾವನಿಗೋ ಎಂದು ಒಂದೊಂದು ದಿನ ನನಗೇ ತಿಳಿಯುವುದಿಲ್ಲ.