ವಿಭೂತಿ ಹಚ್ಚಿಸಿಕೊಂಡ ರಾಣಿ

ನಾನು ಒಮ್ಮೆ ವಿಕ್ಟೋರಿಯಾ ರಾಣಿಯ ಕೆನ್ನೆಗೆ ವಿಭೂತಿ ಹಾಕಿ ತಿಕ್ಕಿದ್ದೇನೆ. ಕಾನ್ವೆಂಟಿನಲ್ಲಿ ಓದಿದವಳು ಮಾಡುವ ಕೆಲಸವೇ ಇದು ಎಂದು ನೀವು ಕೇಳಬಹುದು. ನಮ್ಮ ಸಿಸ್ಟರ್‌ಗಳು ಟೇಬಲ್ ಮ್ಯಾನರ್ಸ್ ಕಲಿಸಿದರು, ಕ್ರಾಸ್ ಸ್ಟಿಚ್ ಕಲಿಸಿದರು, ಪಾಪ ಮಾಡಿದರೆ ಕನ್‌ಫೆಸ್ ಮಾಡಬೇಕೆಂದೂ ಕಲಿಸಿದರು. ಬೆಳ್ಳಿ ನಾಣ್ಯವನ್ನು ಹೇಗೆ ಮುಟ್ಟಬೇಕೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅದನ್ನು ಕಲಿಸಿದವರು ನನ್ನ ಮಾವ. ಅದೂ ನಾಣ್ಯ ತೋರಿಸಿ ಅಲ್ಲ, ಫೋಟೊ ತೋರಿಸಿ.

ಐವತ್ತರ ದಶಕದ ಕೊನೆಯ ಮಾತು. ನಾನು ಕಂಟೋನ್ಮೆಂಟಿನಿಂದ ಯಲಹಂಕಕ್ಕೆ ಹೊಸ ಸೊಸೆಯಾಗಿ ಬಂದಿದ್ದೆ. ಮಾವ ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು. ಹಳೆಯ ನಾಣ್ಯ ಕೂಡಿಡುವ ಹುಚ್ಚಿನವರು ಎಲ್ಲೆಲ್ಲಿಂದಲೋ ಅವರಿಗೆ ಫೋಟೊ ಕಳಿಸಿ, ಇದರ ದರ್ಜೆ ಹೇಳಿ ಎಂದು ಕೇಳುತ್ತಿದ್ದರು. ನಾಣ್ಯವನ್ನೇ ಟಪಾಲಿಗೆ ಹಾಕಲು ಯಾರಿಗೂ ಧೈರ್ಯವಿಲ್ಲ. ಮಾವ ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಮಸೂರ ಹಿಡಿದು ಕೂರುತ್ತಿದ್ದರು. ಅವರು ಕನ್ನಡದಲ್ಲಿ ಹೇಳುವುದು, ನಾನು ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನಲ್ಲಿ ಇಂಗ್ಲಿಷಿಗೆ ಇಳಿಸುವುದು. ಮನೆಗೆ ಬಂದ ಮೊದಲ ತಿಂಗಳಲ್ಲೇ ನನಗೊಂದು ಆಫೀಸು ಸಿಕ್ಕಿತ್ತು!

ಅವರು ನೋಡುವ ಚೆಂದವನ್ನು ಏನೆಂದು ಹೇಳಲಿ. ಮೊದಲು ಫೋಟೊವನ್ನು ತಲೆಕೆಳಗಾಗಿ ಹಿಡಿಯುತ್ತಿದ್ದರು. "ನೆಟ್ಟಗೆ ಹಿಡಿದ್ರೆ ರಾಣಿ ಕಾಣಿಸ್ತಾಳೆ ಕಣಮ್ಮ, ಬೆಳ್ಳಿ ಕಾಣಿಸಲ್ಲ" ಎನ್ನುವರು. ಆಮೇಲೆ ಕೆನ್ನೆ, ಕಿವಿಯ ಮೇಲಿನ ಕೂದಲು. ಎದ್ದು ನಿಂತದ್ದೇ ಮೊದಲು ಸವೆಯುವುದಂತೆ, ಮನುಷ್ಯರಲ್ಲಿಯೂ. ಕೊನೆಗೆ ಅಂಚು.

ಅವರಿಗೆ ಪಂಚಪ್ರಾಣವೆಂದರೆ ಪ್ರೂಫ್ ನಾಣ್ಯಗಳು. ಪ್ರೂಫ್ ಎನ್ನುವುದು ದರ್ಜೆಯ ಹೆಸರೆಂದು ನಾನು ತಿಳಿದಿದ್ದೆ. ಅಲ್ಲವಂತೆ, ಅದು ಹುಟ್ಟಿನ ರೀತಿ. ಸಂತೆಯಲ್ಲಿ ಕೈಯಿಂದ ಕೈಗೆ ಹೋಗಲೆಂದಲ್ಲ, ಟಂಕಸಾಲೆಯವರು ತಮ್ಮ ಕಸುಬು ತೋರಿಸಲೆಂದೇ ಹೊಳಪು ಕೊಟ್ಟ ಅಚ್ಚಿನಲ್ಲಿ ಒತ್ತಿದ ನಾಣ್ಯ. ಸುತ್ತಲಿನ ಬಯಲು ಕನ್ನಡಿ; ಮುಖ ಮಾತ್ರ ಅಕ್ಕಿಹಿಟ್ಟು ಉದುರಿಸಿದಂತೆ ಮಂಜು ಬಿಳುಪು. ಒಳ್ಳೆಯ ಫೋಟೊದಲ್ಲಿ ಬಯಲು ಕಲ್ಯಾಣಿಯ ನೀರಿನಷ್ಟು ಕಪ್ಪಗೆ, ರಾಣಿ ಅದರಲ್ಲಿ ತೇಲುತ್ತಾಳೆ. ಎಲ್ಲಕ್ಕಿಂತ ಮೇಲಿನ ದರ್ಜೆಗೆ ಫ್ರೆಂಚಿನಲ್ಲಿ ಒಂದು ಹೆಸರಿದೆ, ಅಚ್ಚಿನ ಹೂವು ಎಂದು ಅರ್ಥ. ನಾನು ಅದನ್ನು ಸಿಸ್ಟರ್ ಹೇಳಿಕೊಟ್ಟ ಆಕ್ಸೆಂಟಿನಲ್ಲಿ ಉಚ್ಚರಿಸಿದಾಗ ಮಾವನಿಗೆ ಮಹಾ ಸಂತೋಷ. ಅಂದಿನಿಂದ ಯಾವ ಫೋಟೊ ಬಂದರೂ "ಇದು ಹೂವಲ್ಲ ಬಿಡು, ಹೀಚು" ಎಂದು ನಗುವರು.

ಒಂದೇ ಫೋಟೊ ಕಳಿಸಿದವರಿಗೆ ಅವರು ಉತ್ತರವನ್ನೇ ಕೊಡುತ್ತಿರಲಿಲ್ಲ. ಎದುರಿನಿಂದ ಬೆಳಕು ಬಿಟ್ಟದ್ದೊಂದು, ಗೀರು ಕಾಣುವಂತೆ ಪಕ್ಕದಿಂದ ಬಿಟ್ಟದ್ದೊಂದು, ಎರಡು ಬೇಕು. "ಮೊದಲ್ನೇದು ಮದುವೆಗೆ, ಎರಡ್ನೇದು ಕೋರ್ಟಿಗೆ." ಈ ಮಾತಿನ ಸತ್ಯ ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮದುವೆಗೆಂದು ಸ್ಟುಡಿಯೋದವನು ತೆಗೆದ ಫೋಟೊ ಈ ಮನೆಗೆ ಬಂದಾಗ ಮಾವ ಅದಕ್ಕೂ ಮಸೂರ ಹಿಡಿದಿದ್ದರು. ಹೆಣ್ಣು ನೋಡಲು ಬಂದಾಗ ಉಪ್ಪಿಟ್ಟು ತಿನ್ನುತ್ತಾ, "ಎಡಗೆನ್ನೆ ಮೇಲೆ ಸೀತಾಳೆ ಸಿಡುಬಿನ ಕಲೆ ಇರ್ಬೇಕಲ್ಲ, ಸುಮ್ನೆ ಯಾಕೆ ಅಳಿಸಿದ್ರಿ?" ಎಂದರು. ಅಮ್ಮ ತಟ್ಟನೆ ಕಾಫಿ ಲೋಟವನ್ನು ಮುಂದೆ ಮಾಡಿದಳು. ನನಗೆ ಮಾತ್ರ ಆ ಮನೆ ಆಗಲೇ ಇಷ್ಟವಾಯಿತು.

ಇನ್ನು ಪಾಪದ ವಿಷಯ. ಆ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯ ಬೆಳ್ಳಿಯನ್ನೆಲ್ಲ ಬೆಳಗು ಎಂದರು ಅತ್ತೆ. ದೀಪ, ಪಂಚಪಾತ್ರೆ, ಕುಂಕುಮದ ಬಟ್ಟಲು ಮುಗಿಸಿದೆ. ಮಾವನ ಪೆಟ್ಟಿಗೆಯಲ್ಲಿ ಫ್ಲ್ಯಾನೆಲ್ ಸುತ್ತಿದ್ದ ವಿಕ್ಟೋರಿಯಾ ರಾಣಿಯ ಒಂದು ರೂಪಾಯಿ ನೀಲಿಗಟ್ಟಿ ಮಂಕಾಗಿ ಮಲಗಿತ್ತು. ಅವರ ಬಳಿ ಇದ್ದ ಒಂದೇ ಒಂದು ಪ್ರೂಫ್. ಪಾಪ ಎನಿಸಿತು. ಅತ್ತೆಯಿಂದ ಭೇಷ್ ಎನಿಸಿಕೊಳ್ಳುವ ಆಸೆ ಬೇರೆ. ವಿಭೂತಿ ಹಾಕಿ ಫಳಫಳ ಮಾಡಿದೆ, ದೇವಿಯ ಮುಂದೆ ಇಟ್ಟೆ, ಪೂಜೆಯಾದ ಮೇಲೆ ಮತ್ತೆ ಫ್ಲ್ಯಾನೆಲ್ ಸುತ್ತಿಟ್ಟೆ.

ಎರಡು ವಾರದ ಮೇಲೆ ಯಾರದೋ ಪತ್ರಕ್ಕೆ ಮಾವ ಬರೆಸಿದರು: ಪ್ರೂಫ್ ನಾಣ್ಯವನ್ನು ಒಮ್ಮೆ ಉಜ್ಜಿದರೆ ಮುಗಿಯಿತು, ಆ ಕನ್ನಡಿ ಮತ್ತೆ ಬರುವುದಿಲ್ಲ. ನನ್ನ ಪೆನ್ನು ಅಲ್ಲೇ ನಿಂತಿತು. "ಸ್ಪೆಲ್ಲಿಂಗ್ ಮರ್ತೋಯ್ತಾ?" ಎಂದರು. ಹೌದು ಮಾವ ಎಂದೆ.

ಅದೇ ಸಮಯಕ್ಕೆ ಮದರಾಸಿನ ಒಬ್ಬರಿಂದ ಕಾಗದ ಬಂತು. ಮಾವ ಹತ್ತು ವರ್ಷದಿಂದ ಕನಸು ಕಂಡಿದ್ದ ಐದನೇ ಜಾರ್ಜನ ಪ್ರೂಫನ್ನು ಇವರ ರಾಣಿಗೆ ಬದಲಾಗಿ ಕೊಡಲು ಅವರು ಒಪ್ಪಿದ್ದರು. ಫೋಟೊ ಕಳಿಸಿ, ದರ್ಜೆಯನ್ನು ನೀವೇ ಬರೆಯಿರಿ, ನಿಮ್ಮ ಮಾತೇ ಸಾಕು ಎಂದು ಬರೆದಿದ್ದರು. ನನ್ನ ಯಜಮಾನರು ಪೆಟ್ಟಿಗೆಯನ್ನು ಬಿಚ್ಚದೆಯೇ ರೈಲಿನಲ್ಲಿ ಯಶವಂತಪುರದ ಸ್ಟುಡಿಯೋಗೆ ಒಯ್ದು ಎರಡು ಫೋಟೊ ತೆಗೆಸಿ ತಂದರು. ಆ ಮೂರು ದಿನ ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ. ಹೇಳಿಬಿಡೋಣ ಎಂದು ಜಗಲಿಗೆ ಹೋಗುವುದು, ಪೋಸ್ಟ್‌ಮ್ಯಾನ್ ಬಂದನೇ ಎಂದು ಕೇಳಿ ವಾಪಸು ಬರುವುದು.

ಮೊದಲ ಫೋಟೊ ಅಪ್ಪಟ ಮದುಮಗಳು. ಇದೊಂದನ್ನೇ ಕಳಿಸಲಿ ದೇವರೇ ಎಂದುಕೊಂಡೆ. ಮಾವ ಎರಡನೆಯದನ್ನು ತಲೆಕೆಳಗಾಗಿ ಹಿಡಿದರು. ಕಪ್ಪು ನೀರಿನ ತುಂಬ ಜೇಡರ ಬಲೆಯಂತೆ ಬಿಳಿಯ ಗೆರೆಗಳು, ಸುತ್ತಿ ಸುತ್ತಿ. ಮಾವ ಮಸೂರವನ್ನು ಅಂಚಿನವರೆಗೂ ಒಯ್ದರು.

"ಬರಿಯಮ್ಮ. ಪ್ರೂಫ್. ಸವೆತ ಇಲ್ಲ. ಉಜ್ಜಿದಾರೆ." ಮಸೂರ ಕೆಳಗಿಟ್ಟು, "ಹಗುರವಾಗೋ, ಒರಟಾಗೋ? ಅದನ್ನ ನೀನೇ ಹೇಳ್ಬೇಕು" ಎಂದರು.

ನನ್ನ ಕಣ್ಣು ತುಂಬಿತು. "ಒರಟಾಗಿ, ಮಾವ. ವಿಭೂತಿ ಹಾಕಿ."

"ಗೊತ್ತಾಯ್ತು ಬಿಡು. ದೀಪ ಬೆಳಗೋ ಕೈ ಹೀಗೇ ದುಂಡಗೆ ತಿರುಗೋದು. ವಿಭೂತಿಗೆ ಇಂಗ್ಲಿಷಲ್ಲಿ ಏನಂತಾರೆ?"

"ಹೋಲಿ ಆ್ಯಶ್."

"ಹಾಗೇ ಬರಿ. ಸುಳ್ಳು ಒಂದಕ್ಷರ ಬೇಡ."

ಒಳಗಿಂದ ಅತ್ತೆಯ ದನಿ: "ದೇವರ ಮುಂದೆ ಇಡೋ ಬೆಳ್ಳೀನ ತೊಳೀದೆ ಇಡ್ತಾರೇನ್ರೀ? ನಮ್ಮ ಹುಡುಗಿ ಸರಿಯಾಗೇ ಮಾಡಿದಾಳೆ!"

ಎರಡೂ ಫೋಟೊ, ನನ್ನ ತಪ್ಪೊಪ್ಪಿಗೆ ಒಂದೇ ಲಕೋಟೆಯಲ್ಲಿ ಹೋದವು. ಜಾರ್ಜ್ ದೊರೆ ಬರಲಿಲ್ಲ. ಮಾವ ಒಂದೆರಡು ದಿನ ಮಸೂರವನ್ನೇ ಮುಟ್ಟಲಿಲ್ಲ. ಮೂರನೆಯ ದಿನ ಯಾರದೋ ನಾಣ್ಯದ ಎರಡು ಫೋಟೊ ಬಂದವು. ಅವನ್ನು ಮಸೂರದ ಜೊತೆಗೆ ನನ್ನ ಕೈಗಿಟ್ಟು, "ಉಜ್ಜಿದ್ದನ್ನ ಕಂಡುಹಿಡಿಯೋಕೆ ನಿನಗಿಂತ ಯಾರಮ್ಮ ಬೇಕು, ಮೊದಲು ನೀನು ನೋಡು" ಎಂದರು. ಅಂಥ ಸರ್ಟಿಫಿಕೇಟು ನನಗೆ ಕಾನ್ವೆಂಟಿನಲ್ಲಿಯೂ ಸಿಕ್ಕಿರಲಿಲ್ಲ.

ರಾಣಿ ಈಗ ನನ್ನ ಬಳಿ ಇದ್ದಾಳೆ. ಮತ್ತೆ ನೀಲಿಗಟ್ಟಿದ್ದಾಳೆ. ಪ್ರತಿ ಹಬ್ಬಕ್ಕೂ ಹಾಗೆಯೇ ದೇವಿಯ ಮುಂದೆ ಕೂರುತ್ತಾಳೆ. ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಏನ್ರೀ, ಎಲ್ಲಾ ಬೆಳ್ಳೀನೂ ಫಳಫಳ ಅಂತಿದೆ, ಇದೊಂದನ್ನ ತೊಳಿಯೋದು ಮರೆತ್ರಾ?"

"ಇಲ್ಲ ಕಣ್ರೀ," ಎನ್ನುತ್ತೇನೆ, "ಅದನ್ನ ಒಂದ್ಸಲ ತೊಳೆದಾಗಿದೆ."