ತಾಳದ ಸದ್ದು ನುಂಗಿದ ವಯರು

ರಮಾನಂದ ನಾಯ್ಕರು ಕುಮಟಾ ಪೇಟೆಯಲ್ಲಿ ಮೂವತ್ತೈದು ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದವರು. ಸೆಟ್ಟು ಬಿಚ್ಚುವ ಮೊದಲೇ ಕಿವಿಗೆ ಹಿಡಿದು ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದರು. ಬಿಚ್ಚಿದರೆ ಅಲ್ಲೇ ಕೆಟ್ಟಿರುತ್ತಿತ್ತು. ಹೊನ್ನಾವರ, ಭಟ್ಕಳದಿಂದಲೂ ಜನ ಸೆಟ್ಟು ಹೊತ್ತು ಬಸ್ಸಿನಲ್ಲಿ ಬರುತ್ತಿದ್ದ ಕಾಲ ಅದು. ರಿಪೇರಿ ಮಾಡಿಸುವವರೇ ಇಲ್ಲವಾದಾಗ ಅಂಗಡಿ ಮುಚ್ಚಿ ಬಾಡ ಎಂಬ ತಮ್ಮ ಊರಿನ ಮನೆಯಲ್ಲಿ ಕೂತರು. ತಾವೇ ಜೋಡಿಸಿದ ಆಂಪ್ಲಿಫೈಯರು, ಒಂದು ಕ್ಯಾಸೆಟ್ ಡೆಕ್ಕು, ಹಲಸಿನ ಹಲಗೆಯ ಎರಡು ಸ್ಪೀಕರ್ ಪೆಟ್ಟಿಗೆ ಮಾತ್ರ ಅಂಗಡಿಯಿಂದ ಮನೆಗೆ ಬಂದವು.

ಅವರ ಹತ್ತಿರ ಒಂದು ಕ್ಯಾಸೆಟ್ಟಿತ್ತು. ಇಪ್ಪತ್ತೈದು ವರ್ಷದ ಹಿಂದೆ ಊರ ಶಾಲೆಯ ಬಯಲಲ್ಲಿ ಆದ ಯಕ್ಷಗಾನವನ್ನು ತಾವೇ ಮೈಕಿಟ್ಟು ತುಂಬಿಕೊಂಡದ್ದು. ಚೆಂಡೆ, ಮದ್ದಲೆ ಎಲ್ಲದರ ಮೇಲೆ ಭಾಗವತರ ಕೈತಾಳದ ಸದ್ದು ಕಿಣಿ ಎಂದು ಎದ್ದು, ಒಂದು ಗಳಿಗೆ ಗಾಳಿಯಲ್ಲೇ ನಿಲ್ಲುತ್ತಿತ್ತು. ಹೋದ ವರ್ಷ ಮಳೆ ನಿಂತ ಮೇಲೆ ಅದನ್ನು ಹಾಕಿದಾಗ ತಾಳ ಸತ್ತಂತೆ ಕೇಳಿಸಿತು. ಸದ್ದಿನ ತುದಿಯನ್ನು ಯಾರೋ ಕತ್ತರಿಸಿ ಒಯ್ದ ಹಾಗೆ.

"ಉಪ್ಪುಗಾಳಿ," ಎಂದರು ಹೆಂಡತಿ ಉಮಾಗೆ. "ವಯರು ತಿಂದು ಹಾಕ್ಯದೆ."

ಸ್ಪೀಕರಿನ ವಯರು ಸುಲಿದು ನೋಡಿದರೆ ತಾಮ್ರ ನಿಜಕ್ಕೂ ಹಸಿರು ಹಿಡಿದಿತ್ತು. ಅದನ್ನು ಕತ್ತರಿಸಿ ಎಸೆದು, ಪೇಟೆಯಿಂದ ದಪ್ಪ ವಯರು ತಂದು ಹಾಕಿದರು. ಎರಡು ದಿನ ಚೆನ್ನಾಗಿದೆ ಅನಿಸಿತು, ಮೂರನೆಯ ದಿನ ಮತ್ತೆ ಅದೇ ಮಂಕು. ಹೆಚ್ಚು ಎಳೆಗಳ ವಯರು ತಂದರು. ಎರಡು ವಯರು ಜಡೆಯಂತೆ ಹೆಣೆದರು. ಕರೆಂಟಿನ ವಯರಿಂದ ದೂರ ಒಯ್ದು ಗೋಡೆಗುಂಟ ಸುತ್ತಿ ತಂದರು. ಡೆಕ್ಕಿನ ಪಿನ್ನುಗಳಿಗೆ ಹೊಸ ಬೆಸುಗೆ ಹಾಕಿದರು. ಇದೆಲ್ಲ ಇಟ್ಟಿದ್ದ ಜಗಲಿ ಪಕ್ಕದ ಸಣ್ಣ ಕೋಣೆಯಲ್ಲಿ ವಯರುಗಳ ರಾಶಿಯಿಂದ ಕಾಲಿಡಲು ಜಾಗವಿಲ್ಲದಂತಾಯಿತು. ಸಂಜೆ ಹರಟೆಗೆಂದು ಬಸ್‌ಸ್ಟ್ಯಾಂಡ್ ಕಟ್ಟೆಗೆ ಹೋಗುತ್ತಿದ್ದವರು ಅದನ್ನೂ ಬಿಟ್ಟರು.

ಪ್ರತಿ ಸಲ ವಯರು ಬದಲಿಸಿದಾಗಲೂ ಉಮಾ ಬಂದು ಎರಡು ಪೆಟ್ಟಿಗೆಗಳ ನಡುವೆ ಕುರ್ಚಿಯಲ್ಲಿ ಕೂರಬೇಕಿತ್ತು. ಒಲೆ ಮೇಲೆ ಸಾರು ಕುದಿಯುತ್ತಿದ್ದರೂ ಸರಿ.

"ಈಗ ಹೇಳು. ಆಗಿಂದು ಚಲೋನಾ, ಇದು ಚಲೋನಾ?"

ಶುರುವಿನಲ್ಲೊಮ್ಮೆ ಆಕೆ, "ನಂಗೆ ಎರಡೂ ಒಂದೇ ನಮೂನೆ," ಎಂದು ನಿಜ ಹೇಳಿದ್ದಳು. ಗಂಡ ಎರಡು ದಿನ ಮಾತು ಬಿಟ್ಟರು. ಆಮೇಲೆ ಆಕೆ, "ಇದೇ ಚಲೋ ಆತು," ಎನ್ನುವುದನ್ನು ರೂಢಿ ಮಾಡಿಕೊಂಡಳು. ಹಾಗಂದರೆ ಬಿಡುಗಡೆ ಎಂದುಕೊಂಡಿದ್ದಳು. ಆದರೆ ನಾಲ್ಕು ದಿನಕ್ಕೆ ಇನ್ನೊಂದು ವಯರು ಬರುತ್ತಿತ್ತು, ಕುರ್ಚಿ ಅಲ್ಲೇ ಕಾಯುತ್ತಿತ್ತು.

ಒಂದು ಮಧ್ಯಾಹ್ನ ರಮಾನಂದರು ಪೆಟ್ಟಿಗೆಯ ಹಿಂದೆ ಬಗ್ಗಿ, ಸ್ವಲ್ಪ ಹೊತ್ತು ಏನೋ ಮಾಡಿ ಎದ್ದರು. "ಹೇಳು."

"ಹಾಂ, ಈಗ ಮತ್ತೂ ಚಲೋ ಆತು."

"ನಾ ವಯರು ಮುಟ್ಟಲೇ ಇಲ್ಲ, ಉಮಾ."

ಆಕೆ ಸೆರಗಿನಿಂದ ಕೈ ಒರೆಸಿಕೊಂಡಳು. "ನಂಗೆ ಮೊದಲಿಂದನೂ ಎಲ್ಲ ಸರಿಯಾಗೇ ಕೇಳ್ತದೆ. ತಾಳನೂ ಕೇಳ್ತದೆ. ಹೇಳಿದ್ರೆ ನೀವು ಉಣ್ಣೂದಿಲ್ಲ, ಮಾತಾಡೂದಿಲ್ಲ. ನಾ ಎಂತ ಮಾಡೂದು?"

ಅದನ್ನು ಅವರು ನಂಬಲಿಲ್ಲ. ವಯರಿನದೇ ತಪ್ಪೆಂದು ತೋರಿಸಲು ಮೊಬೈಲನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರು. ಹೊನ್ನಾವರದಲ್ಲಿ ನರ್ಸಾಗಿರುವ ಮಗಳು ಚಂದನಾ ಅದರಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಬೆರಳು ಸರಿಸಿದಂತೆ ಒಂದೇ ಸ್ವರ ಏರುತ್ತ ಹೋಗುತ್ತದೆ. ಸ್ವರ ಏರಿತು, ತೆಳುವಾಯಿತು, ಆಮೇಲೆ ಇಲ್ಲವಾಯಿತು.

"ನೋಡು, ಇಲ್ಲಿಗೆ ನಿಂತು ಹೋತು. ಇದರ ಮೇಲಿಂದನ್ನ ವಯರು ಬಿಡೂದೇ ಇಲ್ಲ." ವಾಲ್ಯೂಮ್ ಪೂರ್ತಿ ತಿರುಗಿಸಿ, ಬಗ್ಗಿ ವಯರನ್ನು ಅಲುಗಾಡಿಸಿದರು. ಏನೂ ಇಲ್ಲ. ತಲೆ ಎತ್ತಿದರೆ ಉಮಾ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಯಲ್ಲಿ ಮುದುಡಿದ್ದಳು. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಓಡುತ್ತಿತ್ತು.

"ಬಂದ್ ಮಾಡಿ! ಸೂಜಿ ಚುಚ್ಚಿದ ಹಾಂಗೆ ಆಗ್ತದೆ!"

ಬಂದ್ ಮಾಡಿದರು. ಮೊಬೈಲನ್ನು ಆಕೆಯ ಕೈಗೆ ಕೊಟ್ಟು ತಾವು ಗೋಡೆಗೆ ಮುಖ ಮಾಡಿ ನಿಂತರು. "ಸಣ್ಣಕ್ಕೆ ಹಾಕು. ಹಾಕಿದ್ಯಾ?"

"ಹಾಕಿದೆ."

"ಈಗ?"

"ಬರ್ತಾನೇ ಅದೆ."

ಅವರಿಗೆ ಏನೂ ಕೇಳುತ್ತಿರಲಿಲ್ಲ. ತಿರುಗಿದಾಗ ಹೇಳಿದ್ದು ಒಂದೇ ಮಾತು: "ಚಂದನಾಗೆ ಹೇಳಬೇಡ."

ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆಂದು ಅವರ ಹೆದರಿಕೆ. ಕಿವಿಯಿಂದಲೇ ಹೆಸರು ಮಾಡಿದವರಿಗೆ ಕಿವಿ ಹೋಯಿತೆಂದರೆ ಉಳಿಯುವುದೇನು? ಬರಬರುತ್ತ ಮಾತೂ ಮಸುಕಾಯಿತು. ಯಾರಾದರೂ ಮನೆಗೆ ಬಂದರೆ ಅವರ ತುಟಿ ನೋಡುತ್ತ, ಅವರು ನಕ್ಕಾಗ ತಾವೂ ನಗುತ್ತಿದ್ದರು. ಬೇಸಾಯದ ಮಾತಿಗೆ ಬೇಟೆಯ ಉತ್ತರ ಕೊಟ್ಟು ಒಮ್ಮೆ ಸಿಕ್ಕಿಬಿದ್ದ ಮೇಲೆ ಜನ ಬಂದರೆ ಒಳಗೇ ಉಳಿದರು. ಉಮಾ ಜೋರಾಗಿ ಮಾತಾಡಿ ಮಾತಾಡಿ ಗಂಟಲು ಕೆಡಿಸಿಕೊಂಡಳು. ಅಕ್ಕಪಕ್ಕದವರು ಮನೆಯಲ್ಲಿ ಜಗಳವೆಂದು ತಿಳಿದರು. ಆಕೆ ನಿಜ ಹೇಳುವಂತಿರಲಿಲ್ಲ. ವಿಚಿತ್ರವೆಂದರೆ ವಯರು ಬದಲಿಸುವುದು ನಿಲ್ಲಲಿಲ್ಲ. ಕೈ ಸುಮ್ಮನಿದ್ದರೆ ತಲೆ ಕೆಡುತ್ತದೆ ಎನ್ನುತ್ತಿದ್ದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹೀಗೇ ಪೆಟ್ಟಿಗೆಯ ಹಿಂದೆ ಕೂತು ಬೆಸುಗೆ ಹಾಕುತ್ತಿದ್ದಾಗ ಪಕ್ಕದ ಮನೆಯ ಗಂಗಿ ಒಳಗೆ ನುಗ್ಗಿ ಬಂದು ಅವರ ಭುಜ ಅಲುಗಿಸಿದಳು.

"ಉಮಕ್ಕ ಬಾವಿಕಟ್ಟೆಲಿ ಬಿದ್ದು ಆಗಿಂದ ಕೂಗ್ತಾ ಅವಳೆ! ನಮ್ಮನೆಗೆ ಕೇಳ್ತು. ನಿಮ್ಗೆ ಕೇಳಲಿಲ್ವಾ?"

ಉಮಾ ಪಾಚಿಯ ಮೇಲೆ ಜಾರಿದ್ದಳು. ಪಾದ ಊದಿಕೊಂಡಿತ್ತು. ಗಂಡ ಓಡಿ ಬಂದಾಗ ಆಕೆ ಬೈಯಲಿಲ್ಲ, ಅಳಲಿಲ್ಲ. ಕಲ್ಲಿಗೆ ಒರಗಿ ಅವರನ್ನೇ ನೋಡಿದಳು. ಆ ನೋಟವನ್ನು ಹೇಗೆ ಹೊರುವುದೆಂದು ರಮಾನಂದರಿಗೆ ತಿಳಿಯಲಿಲ್ಲ. ಅಂದು ಸಂಜೆ ಮಗಳಿಗೆ ಫೋನು ಮಾಡಿದವರು ಅವರೇ.

ಚಂದನಾ ಅವರನ್ನು ಕುಮಟಾದ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಪರೀಕ್ಷೆಗೆ ಗಾಜಿನ ಕಿಟಕಿಯ ಒಂದು ಗೂಡು. ಒಳಗೆ ಕೂರಿಸಿ, ಹೆಡ್‌ಫೋನ್ ತೊಡಿಸಿ, ಕೈಗೆ ಗುಂಡಿ ಕೊಟ್ಟು ಬಾಗಿಲು ಹಾಕಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಮೊದಮೊದಲು ಒತ್ತಿದರು. ಆಮೇಲೆ ಕೇಳುವಂಥದ್ದೇನೂ ಬರಲಿಲ್ಲ. ಗಾಜಿನಾಚೆಯ ಹುಡುಗಿ ತನ್ನ ಮಷಿನ್ನಿನ ಮೇಲೆ ಬೆರಳಾಡಿಸುತ್ತಲೇ ಇದ್ದಳು. ಬೆವರಿದ ಹೆಬ್ಬೆರಳಿಂದ ಅಂದಾಜಿನ ಮೇಲೆ ಎರಡು ಸಲ ಒತ್ತಿದರು. ಆಕೆ ಬಾಗಿಲು ತೆರೆದು, "ಕೇಳಿದ್ರೆ ಮಾತ್ರ ಒತ್ತಿ, ಅಜ್ಜ," ಎಂದಳು. ಮತ್ತೆ ಬಾಗಿಲು ಮುಚ್ಚಿತು. ನಾನೇ ಈ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡೆ, ಇನ್ನು ಹೊರಗೆ ಬರುವುದಿಲ್ಲ ಎನಿಸಿತು ಅವರಿಗೆ.

ಎತ್ತರದ ಸದ್ದುಗಳೆಲ್ಲ ಎರಡೂ ಕಿವಿಯಿಂದ ಹೋಗಿವೆ, ಮರಳಿ ಬರುವುದಿಲ್ಲ, ಕಿವಿಗೆ ಮಷಿನ್ ಹಾಕಿದರೆ ಮಾತು ಕೇಳಬಹುದು ಎಂದರು ಡಾಕ್ಟರು.

ಮಷಿನ್ ಬಂದ ದಿನವೇ ರಮಾನಂದರು ಕ್ಯಾಸೆಟ್ ಹಾಕಿದರು. ತಾಳ ಬಂತು. ಆದರೆ ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದ ಹಾಗೆ ಬಂತು. ಕಿವಿಯಿಂದ ಮಷಿನ್ ಕಿತ್ತು ಡಬ್ಬಿಗೆ ಹಾಕಿದರು. "ಇದು ಆ ತಾಳ ಅಲ್ಲ. ನಂಗೆ ಬೇಡ."

"ತಾಳಕ್ಕೆ ಬೇಡ. ನನ್ ಸಲುವಾಗಿ ಆದ್ರೂ ಹಾಕ್ಕಳಿ," ಎಂದಳು ಉಮಾ. ಪಾದಕ್ಕೆ ಇನ್ನೂ ಪಟ್ಟಿ ಇತ್ತು. "ಕೂಗಿ ಕೂಗಿ ಸಾಕಾಗಿ ಹೋತು."

ಈಗ ಅವರು ಬೆಳಿಗ್ಗೆ ಎದ್ದೊಡನೆ ಮಷಿನ್ ಹಾಕಿಕೊಳ್ಳುತ್ತಾರೆ. ಪಾತ್ರೆ ತಿಕ್ಕುವ ಸದ್ದಿಗೆ ಮುಖ ಕಿವುಚಿದರೂ ತೆಗೆಯುವುದಿಲ್ಲ. ಉಮಾ ಮೆತ್ತಗೆ ಮಾತಾಡುತ್ತಾಳೆ. ಬಸ್‌ಸ್ಟ್ಯಾಂಡ್ ಕಟ್ಟೆಗೆ ಮಾತ್ರ ಇನ್ನೂ ಹೋಗಿಲ್ಲ, ನಾಳೆ ಹೋಗುವೆ ಎನ್ನುತ್ತಾರೆ. ವಾರಕ್ಕೊಮ್ಮೆ ಕೋಣೆಗೆ ಹೋಗಿ, ಮಷಿನ್ ತೆಗೆದಿಟ್ಟು, ಕ್ಯಾಸೆಟ್ ಹಾಕಿ ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಚೆಂಡೆ ಕೇಳುತ್ತದೆ, ಪದ ಕೇಳುತ್ತದೆ. ಉಳಿದದ್ದನ್ನು ನೆನಪಿಂದ ಹಾಕಿಕೊಳ್ಳುತ್ತ, ಬೆರಳಿಂದ ತೊಡೆ ತಟ್ಟುತ್ತಾರೆ. ಆ ಹೊತ್ತಿಗೆ ಉಮಾ ಅವರನ್ನು ಕರೆಯುವುದಿಲ್ಲ.