ಅಕ್ಕ ಕಂಡ ಕೆಂಪು ಕಡ್ಡಿಗಳು

ಕೆಮ್ಮಿನಷ್ಟು ಬಹೂಪಯೋಗಿ ಪದ ಕನ್ನಡದಲ್ಲಿ ಇನ್ನೊಂದಿಲ್ಲವೆಂಬುದು ಮೂಡಲಗಿಯ ಶಾಲೆಯಲ್ಲಿ ಆಯುಷ್ಯವೆಲ್ಲ ವ್ಯಾಕರಣ ಕಲಿಸಿದ ನನ್ನ ಖಚಿತ ಅಭಿಪ್ರಾಯ. ಹಿರಿಯರು ಮನೆಯೊಳಗೆ ಕಾಲಿಡುವ ಮುನ್ನ ಕೆಮ್ಮುತ್ತಾರೆ. ಕನ್ಯೆ ನೋಡುವಾಗ ಬೇಡದ ಮಾತು ಬಂದರೆ ಬಾಜೂ ಕುಳಿತವರು ಕೆಮ್ಮುತ್ತಾರೆ. ಪಾಠ ಮರೆತಾಗ ನಾನೂ ಕೆಮ್ಮಿ ಮರ್ಯಾದೆ ಉಳಿಸಿಕೊಂಡಿದ್ದೇನೆ. ಇಂಥ ಪಂಡಿತನಿಗೆ, ಘೋಡಗೇರಿಯ ನನ್ನ ಅಕ್ಕ ಶಾಂತವ್ವ ಕಬ್ಬಿನ ಹಂಗಾಮು ಮುಗಿದ ಮೇಲೂ ಕೆಮ್ಮುತ್ತಲೇ ಇದ್ದಾಗ, ಅದರ ಅರ್ಥ ಮಾತ್ರ ಹೊಳೆಯಲಿಲ್ಲ.

"ಬೆಲ್ಲದ ಗಾಣದ ಹೊಗಿ ಹತ್ತೇತಿ, ಬಿಡೋ," ಎನ್ನುತ್ತಿದ್ದಳು. ಒಂದು ಮುಂಜಾನೆ ಅವಳ ಸೆರಗಿನಲ್ಲಿ ರಕ್ತ ಕಂಡಿತು. ಗೋಕಾಕದ ದವಾಖಾನೆಗೆ ಕರೆದೊಯ್ದೆ. ಕಫ ಪರೀಕ್ಷೆ ಮಾಡಿಸಿದ ವೈದ್ಯೆ ಕ್ಷಯವೆಂದರು. ಪಾಠ ಮರೆತವನಂತೆ ನಾನೊಮ್ಮೆ ಕೆಮ್ಮಿದೆ. ಅಕ್ಕ ಮಾತ್ರ, "ನನ್ನ ತಿನ್ನಾಕತ್ತಿದ್ದನ್ನ ನಾನೂ ಒಮ್ಮೆ ನೋಡಬೇಕ್ರಿ," ಎಂದಳು.

ವೈದ್ಯೆ ನಕ್ಕು ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಅಕ್ಕ ಬಹಳ ಹೊತ್ತು ಅದರಿಂದ ಕಣ್ಣು ಕೀಳಲಿಲ್ಲ. "ಯವ್ವಾ, ನೀಲಿ ಹೊಲದಾಗ ಯಾರೋ ಕೆಂಪ ಕಡ್ಡಿ ಚೆಲ್ಲ್ಯಾರ! ನೋಡಾಕ ಎಷ್ಟ್ ಚೆಂದ ಅದಾವು!"

ಅವಳ ನಂತರ ನಾನು ಬಾಗಿದೆ. ಬಣ್ಣ ಹಾಕಿದ ಗಾಜಿನ ಮೇಲೆ ಎಳೆಯಂಥ ಕಡ್ಡಿಗಳು. ಅವಕ್ಕೆ ಕೈಯಿಲ್ಲ, ಬಾಯಿಲ್ಲ, ದ್ವೇಷವೂ ಇಲ್ಲ.

"ಇವು ಬ್ಯಾಕ್ಟೀರಿಯಾ, ವೈರಸ್ ಅಲ್ಲರಿ. ವೈರಸ್ಸಿಗೆ ಸ್ವಂತ ಸಂಸಾರ ಇಲ್ಲ," ವೈದ್ಯೆ ಹೇಳಿದರು. "ನಮ್ಮ ಜೀವಕೋಶದಾಗ ಹೊಕ್ಕು ನಮ್ಮ ಕಡೆಯಿಂದನ ತನ್ನ ಮರಿ ಮಾಡಿಸ್ಕೊಂತೈತಿ. ಬ್ಯಾಕ್ಟೀರಿಯಾ ತಾನ ಬೆಳೀತೈತಿ. ಹಾಲು ಮೊಸರ ಮಾಡೋವೂ ಬ್ಯಾಕ್ಟೀರಿಯಾನ. ಕೆಲವು ವಿಷ ಕಾರ್ತಾವು. ಈ ಕ್ಷಯದ್ದು, ತನ್ನ ನುಂಗಾಕ ಬಂದ ನಮ್ಮ ಮೈಯಾಗಿನ ಕಾವಲುಗಾರ ಕೋಶದ ಹೊಟ್ಟ್ಯಾಗನ ಬಿಡಾರ ಹೂಡ್ತೈತಿ. ಆ ಜಗಳದಾಗ ಶ್ವಾಸಕೋಶ ಹಾಳಾಗ್ತೈತಿ."

ಅಕ್ಕನ ಪುಟ್ಟ ಎದೆಗೂಡಿನಲ್ಲಿ, ನಾವು ಪಕ್ಕದಲ್ಲೇ ಕುಳಿತು ಚಹಾ ಕುಡಿಯುತ್ತಿದ್ದಾಗ, ಇಷ್ಟೆಲ್ಲ ಮುತ್ತಿಗೆ, ಕಾವಲು, ಕಾಳಗ ಸದ್ದಿಲ್ಲದೆ ನಡೆದಿತ್ತೆಂದು ನೆನೆದು ಮೈ ಜುಮ್ಮೆಂದಿತು. ಭಯವೋ ಭಕ್ತಿಯೋ, ವಿಭಕ್ತಿ ಪ್ರತ್ಯಯ ಬಲ್ಲ ನನಗೂ ಬಿಡಿಸಲಾಗಲಿಲ್ಲ.

ರೋಗ ಉಸಿರಿನಿಂದ ಹರಡುತ್ತದೆಂದು ತಿಳಿದ ಅಕ್ಕ, ಆರಂಭದ ದಿನಗಳಲ್ಲಿ ಬಾಯಿಗೆ ಬಟ್ಟೆ ಕಟ್ಟಿ, ಕಿಟಕಿ ತೆರೆದ ಕೋಣೆಯಲ್ಲಿ ಒಬ್ಬಳೇ ಮಲಗಿದಳು. ಮೊಮ್ಮಗಳು ಹೊಸ್ತಿಲಲ್ಲಿ ಅತ್ತರೂ ಎತ್ತಿಕೊಳ್ಳಲಿಲ್ಲ. ಆರು ತಿಂಗಳು ನುಂಗಬೇಕಾದ ಗುಳಿಗೆಗಳಿಂದ ಹೊಟ್ಟೆ ತೊಳಸುತ್ತಿತ್ತು. ಕೆಮ್ಮು ನಿಂತಾಗ ನೆರೆಯಾಕೆ, "ಆರಾಮಾತಲ್ಲ, ಇನ್ಯಾಕ ಗುಳಿಗಿ?" ಎಂದಳಂತೆ.

"ಅವನ್ನ ನಾ ಕಣ್ಣಿಲೆ ನೋಡೇನಿ," ಎಂದಳು ಅಕ್ಕ. "ಸುಮ್ಮ ಕುಂತಾವಂದ್ರ ಸತ್ತಾವಂತಲ್ಲ." ಕೊನೆಯ ಗುಳಿಗೆಯವರೆಗೂ ನುಂಗಿದಳು.

ಕಫ ಶುದ್ಧವೆಂದು ವೈದ್ಯೆ ಹೇಳಿದ ದಿನ, ಗೋಕಾಕದಿಂದ ಮರಳುವಾಗ ಧುಪದಾಳದ ಹೊಳೆಯ ಒಡ್ಡಿನ ಬಳಿ ಬಸ್ಸಿಳಿದೆವು. ಅಕ್ಕ ಸರಸರನೆ ಮುಂದೆ ಹೋದಳು. ಒಡ್ಡಿನಿಂದ ಧುಮುಕುವ ನೀರಿನ ಭೋರ್ಗರೆತದಲ್ಲಿ ಅವಳು ಏನೋ ಹೇಳಿದ್ದು ನನಗೆ ಕೇಳಿಸಲಿಲ್ಲ. ಆಗ ಅವಳು ನಿಂತು, ಎದೆ ತುಂಬ ಉಸಿರೆಳೆದು ಕೂಗಿದಳು:

"ಏ ಮಲ್ಯಾ! ಇತ್ತ ಬಾರೋ!"

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನಿವೃತ್ತ ಮಾಸ್ತರ ಮಲ್ಲಪ್ಪನಾದ ನಾನು, ಕಣ್ಣೊರೆಸಿಕೊಳ್ಳುತ್ತ, ಓಡಿದೆ.